ಮರಿಗೆಯ ತಳ

ಬೇತಮಂಗಲದ ಕೆರೆಕೋಡಿಯ ಕೆಳಗೆ
ಪಾಲಾರಿನಲ್ಲಿ ಮೊಣಕಾಲುದ್ದ ನೀರೂ ಇಲ್ಲ.
ಒರತೆ ತೋಡಿ, ಬಸಿದ ಬೊಗಸೆ ನೀರಲ್ಲೇ
ಅಕ್ಕಯಮ್ಮ ಮರಿಗೆ ತಿರುಗಿಸುತ್ತಾಳೆ:
ಎಡಕ್ಕೊಂದು ತೂಗು, ಬಲಕ್ಕೆ ಅರ್ಧ,
ಆಮೇಲೆ ಹೆಬ್ಬೆರಳಿಂದ ಸಣ್ಣದೊಂದು ಗದರಿಕೆ.
ಹಗುರದ್ದೆಲ್ಲ ಹೊರಟುಹೋಗುತ್ತದೆ.
ತಳದಲ್ಲಿ ಕಾಡಿಗೆಯ ಗೀರು,
ಗೀರಿನ ತುದಿಗೆ, ಅದೃಷ್ಟವಿದ್ದ ದಿನ,
ಸಾಸಿವೆಯ ಕಾಲುಪಾಲು ಚಿನ್ನ.

ಗಣಿ ಮುಚ್ಚಿದ ಮೇಲೆ ಕಲಿತ ಕೆಲಸವಲ್ಲ,
ಗಣಿ ತೆರೆಯುವ ಮೊದಲೇ ಅವಳಜ್ಜಿಯ ಅಜ್ಜಿಗೆ ಬರುತ್ತಿತ್ತು.
ನನಗೆ ಪ್ರಯೋಗಾಲಯದಲ್ಲಿ ಎರಡು ವರ್ಷ ಹಿಡಿಯಿತು,
ಮೂಗು ಸುಡುವ ಬ್ರೋಮೋಫಾರ್ಮ್ ಬೇಕಾಯಿತು,
ಭಾರದ್ದನ್ನು ಹಗುರದಿಂದ ಬಿಡಿಸಲು.

ಚಿನ್ನ ಸೆರಗಿನ ಗಂಟು ಸೇರಿತು.
ಕರಿಮರಳು ಚೆಲ್ಲಲು ಕೈ ಎತ್ತಿದಳು.
"ನಿಲ್ಲಿ, ನನಗೆ ಬೇಕಾದ್ದು ಅದೇ."
"ಎಸಿಯೋದುನ್ನ ಕೊಳ್ಳೋಕೆ ಇಷ್ಟು ದೂರ ಬಂದ್ಯಾ ತಾಯಿ?"

ಹೇಗೆ ಹೇಳಲಿ. ಕಡಲಂಚಿನಲ್ಲಿ,
ಈ ಹೊಳೆ ಒಂದಾನೊಂದು ಕಾಲಕ್ಕೆ
ಬೆರಳು ಬಿಡಿಸಿ ಮಲಗಿದ್ದ ಕಡೆ,
ನಲವತ್ತು ಮೀಟರ್ ಆಳದಿಂದ ತೆಗೆದ ಮಣ್ಣಿನಲ್ಲಿ
ಇಂಥವೇ ಕಾಳುಗಳಿವೆ: ಗಾರ್ನೆಟ್ಟಿನ ಕೆಂಪು,
ಕಣ್ಣಿಗೆ ದಕ್ಕದ ಜಿರ್ಕಾನು,
ಅದರೊಳಗೆ ಯುರೇನಿಯಂ ಸೀಸವಾಗುತ್ತ
ಎಣಿಸುತ್ತಲೇ ಇರುವ ವರುಷ.
ಯಾವ ಬಂಡೆಯ ಮಕ್ಕಳು ಇವು ಎಂದು
ತುದಿಯಿಂದ ಬುಡಕ್ಕೆ ಕೇಳುತ್ತ ಬಂದಿದ್ದೇನೆ.

ನಕ್ಕಳು. "ನದಿಮೂಲ, ಋಷಿಮೂಲ
ಕೇಳಬಾರದು ಅಂತಾರೆ. ನಿಂಗೆ ಅದುಕ್ಕೇ ಸಂಬಳವಾ?"
ಹೌದು ಅಂದೆ. ಎರಡು ತಿಂಗಳು ತಡವಾಗಿ ಅಂದೆ.

ಮಳೆಗಾಲ ಕಳೆದು ಫಲಿತಾಂಶ ಬಂತು.
ಕಡಲಂಚಿನ ನೂರ ಹದಿನೇಳು ಕಾಳಿನಲ್ಲಿ ಬಹುಪಾಲು
ಇನ್ನೂರೈವತ್ತು ಕೋಟಿ ವರ್ಷ, ಮೇಲೊಂದಿಷ್ಟು ಚಿಲ್ಲರೆ.
ಅವಳ ಮರಿಗೆಯವೂ ಅಷ್ಟೇ.
ಇಲ್ಲಿಯ ಗುಡ್ಡ ಸವೆದು ಅಲ್ಲಿ ನೆಲವಾಗಿದೆ.
ಮೂರು ಮಾತ್ರ ಯಾರ ಲೆಕ್ಕಕ್ಕೂ ಕೂಡಲಿಲ್ಲ,
ತೀರ ಎಳೆಯವು, ಬರೀ ಐವತ್ತೈದು ಕೋಟಿ.

ಹೇಳಲು ಹೋದೆ. ಗಂಟಿನ ಚಿನ್ನ ಮಾರಿ
ಸೀಳಿದ ಮರಿಗೆಗೆ ತಗಡು ಹೊಡೆಸಿದ್ದಳು.
ಕೇಳಿಸಿಕೊಂಡು, ನೀರನ್ನೊಮ್ಮೆ ತುಳುಕಿಸಿ,
"ಆ ಮೂರಕ್ಕೂ ಎಲೆ ಹಾಕು,
ಪಂಕ್ತೀಗೆ ಬಂದು ಕೂತಾಗಿದೆ" ಅಂದಳು.

ಕೋಷ್ಟಕದಲ್ಲಿ ಅವಕ್ಕೊಂದು ಸಾಲು ಬಿಟ್ಟಿದ್ದೇನೆ.
ಮೂಲ ಎಂಬ ಕಡೆ ಏನೂ ಬರೆದಿಲ್ಲ.
ಕರಿಮರಳಿನ ಪೊಟ್ಟಣದ ಮೇಲೆ ಅಕ್ಕಯಮ್ಮನ ಹೆಸರು,
ಪಕ್ಕಕ್ಕೆ ನಾನು ಕೊಟ್ಟ ಬೆಲೆ: ಇಪ್ಪತ್ತು ರೂಪಾಯಿ.