ಏಳು ಲಕೋಟೆ

ಡಂಡಿಯ ಪ್ರಯೋಗಾಲಯದಲ್ಲಿ ನನ್ನ ಕೆಲಸ
ಲಕೋಟೆ ಒಡೆಯುವುದು.
ಒಳಗೊಂದು ಪುಟ್ಟ ಕೊಳವೆ, ಕಡ್ಡಿ, ತಾರೀಖು.
ಜನ ಹೆಸರೆತ್ತಲೂ ನಾಚುವುದನ್ನು
ದಿನಕ್ಕೆ ಮುನ್ನೂರು ಸಲ ಮುಟ್ಟುತ್ತೇನೆ.

ಹೋದ ಮಾರ್ಚಿನಲ್ಲಿ ಎಲ್ಲರಿಗೂ ಅದೇ ಹುಚ್ಚು:
ತಲೆ ಮೇಲೆ ಟಾಯ್ಲೆಟ್ ಕಾಗದದ ಸುರುಳಿ, ಕಿರೀಟದ ಹಾಗೆ,
ಎರಡು ಹೆಜ್ಜೆ ಕುಣಿತ, ಒಂದು ವಿಡಿಯೋ,
ಕೊನೆಗೆ ‘ಕರುಳು ಜೋಪಾನ’ ಅಂತ ಒಂದು ಸಾಲು.
ಓಬನ್ನಿನ ಕಟ್ಟೆಯಲ್ಲಿ ಫೆರಿಯ ಹಗ್ಗ ಬಿಗಿಯುವ
ಇನ್ನಿಸ್ ಗೌರ್ಲೆಯ ಸುರುಳಿ
ಗಾಳಿಗೆ ಬಿಚ್ಚಿಕೊಂಡು
ಕಡಲಹಕ್ಕಿಗಳ ನಡುವೆ ಬಾಲದಂತೆ ಹಾರಿದಾಗ
ನಾನೂ ನಕ್ಕೆ, ಚಹಾ ಮೂಗಿಗೇರುವಷ್ಟು.
ಹನ್ನೊಂದು ಸಾವಿರ ಮೆಚ್ಚುಗೆ.

ನೋಡಬಾರದು; ನೋಡಿದೆ.
ಅವನ ಲಕೋಟೆ ಬಂದಿರಲಿಲ್ಲ.
ತಂಗಿ ಎಫಿಯದು ಬಂತು, ಜೊತೆಗೆ ಚೀಟಿ:
“ಇದೇನು ನಗುವ ವಿಷಯವೇ?
ಅಣ್ಣನದು ಫ್ರಿಜ್ಜಿನ ಮೇಲೆ, ಆ ಕಿರೀಟದ ಅಡಿಯಲ್ಲೇ ಬಿದ್ದಿದೆ.
ಬೈದು ಬೈದು ಸಾಕಾಗಿ
ನನ್ನದನ್ನು ಕಳಿಸಿದ್ದೇನೆ.”

ಆ ವಾರ ಓಬನ್ನಿನಿಂದ
ಎಂದಿಗಿಂತ ಏಳು ಹೆಚ್ಚು.
ಎಣಿಸಿದ್ದೇನೆ, ಎರಡು ಸಲ.
ಕುಣಿತಕ್ಕೋ, ಬೈಗುಳಕ್ಕೋ,
ಬಿರುಗಾಳಿಗೆ ಫೆರಿ ನಿಂತು
ಮನೆಯಲ್ಲೇ ಕೂತ ಬೇಸರಕ್ಕೋ,
ಕೊಳವೆ ಹೇಳುವುದಿಲ್ಲ.
ಅದಕ್ಕೆ ಗೊತ್ತಿರುವುದು ಎರಡೇ ಮಾತು:
ರಕ್ತ ಇದೆ. ಇಲ್ಲ.

ಏಳರಲ್ಲಿ ಒಂದಕ್ಕೆ ಇತ್ತು.
ಈ ಸಲ ಹೆಸರು ಓದಲಿಲ್ಲ.

ಆ ವಿಡಿಯೋ ಈಗಲೂ ಒಮ್ಮೊಮ್ಮೆ ಎದುರಾಗುತ್ತದೆ,
ಈಗಲೂ ನಗು ಬರುತ್ತದೆ.
ನಕ್ಕು, ಎದ್ದು, ಕೈಗವಸು ಏರಿಸಿಕೊಂಡು
ಬೆಳಗಿನ ಅಂಚೆಚೀಲದಲ್ಲಿ
ಗೌರ್ಲೆಯನ್ನು ಹುಡುಕುತ್ತೇನೆ.