ಮೇಯರ್ ಗೌನು

ವರ್ಷ ವರ್ಷ ಅದೇ ಗೌನು.
ಕೆಂಪು ಮಕಮಲ್ಲು, ಅಂಚಿಗೆ ಜರಿ.
ಜವಾನ ಗಾದಿಲಿಂಗ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ
ಕೌಲ್‌ಬಜಾರಿನ ನನ್ನ ಅಂಗಡಿಗೆ ತರುತ್ತಾನೆ:
"ಹೊನ್ನೂರಣ್ಣ, ಮತ್ತೊಬ್ರು ಬಂದ್ರು."

ಇಡೀ ಓಣಿ ಜೀನ್ಸ್ ಹೊಲಿಯುತ್ತೆ. ನಾನೂ ಅದೇ,
ಪೀಸಿಗೆ ಇಷ್ಟು ಅಂತ.
ಆ ಒಂದು ದಿನ ಮಾತ್ರ
ನೀಲಿ ನೂಲು ತೆಗೆದು ಕೆಂಪು ಪೋಣಿಸುತ್ತೇನೆ.

ಮೊದಲಿನವರು ಗರಡಿ ಆಳು, ಭುಜ ಬಿಚ್ಚಿದೆ.
ಆಮೇಲಿನವರು ಕುಳ್ಳಗೆ, ಗೇಣುದ್ದ ಮಡಚಿದೆ.
ಒಬ್ಬರು ಕೋರ್ಟಿನ ತಡೆ ಬಂದು ನಾಲ್ಕೇ ತಿಂಗಳಿಗೆ ಇಳಿದರು,
ನನ್ನ ಕಚ್ಚಾ ಹೊಲಿಗೆ ಕೂಡ ಅವರಿಗಿಂತ ಹೆಚ್ಚು ಬಾಳಿತು.
ಒಳಮಗ್ಗುಲು ತಿರುವಿದರೆ
ಸೂಜಿ ತೂತಿನ ಸಾಲು ಸಾಲು.
ಯಾರು ಎಷ್ಟೆತ್ತರ ಇದ್ದರು ಅನ್ನೋದು
ಪಾಲಿಕೆ ಕಡತದಲ್ಲಿಲ್ಲ, ಇಲ್ಲಿ ಐತೆ.

ಆ ವರ್ಷ ಗೌನಿನ ಹಿಂದೆ
ಎರ್ರೆಮ್ಮ ತಾನೇ ಬಂದಳು.
ಮೀಸಲಾತಿ ಪಟ್ಟಿ ತಿರುಗುತ್ತಾ ತಿರುಗುತ್ತಾ
ಆಯಮ್ಮನ ಬಾಗಿಲಿಗೆ ಬಂದು ನಿಂತಿತ್ತು.
ಅದಕ್ಕೂ ಮುಂಚೆ ಊರಾಚೆಯ ವಾಷಿಂಗ್ ಯೂನಿಟ್ಟಿನಲ್ಲಿ
ಪ್ಯಾಂಟು ಒಗೆದವಳು;
ಉಗುರಿನ ಸಂದಿಯ ನೀಲಿ ಇನ್ನೂ ಹೋಗಿರಲಿಲ್ಲ.
ತೋಳಿನ ಅಳತೆ ಕೊಡುತ್ತಾ ಕೇಳಿದಳು:
"ಇದಕ್ಕೆ ಜೇಬಿಲ್ಲವಲ್ಲ?"
"ಮೇಯರ್ ಗೌನಿಗೆ ಜೇಬು ಇರಲ್ಲಮ್ಮ."
"ಮತ್ತೆ ಜನ ಕೊಟ್ಟ ಚೀಟಿ ಎಲ್ಲಿಡ್ಲಿ?"

ಒಳಗೆ, ಎಡಕ್ಕೆ, ಒಂದು ಜೇಬು ಹೊಲಿದೆ.
ಜೀನ್ಸಿನ ತುಂಡೇ, ಜೋಡಿ ಹೊಲಿಗೆ,
ಮೂಲೆಗೆ ತಾಮ್ರದ ರಿವೆಟ್ಟು.

ಹನ್ನೊಂದು ತಿಂಗಳು.
ಹತ್ತು ದಿನಕ್ಕೆ ಬರುತ್ತಿದ್ದ ನೀರು
ಎಂಟಕ್ಕೆ ಬಂತು.
ಆಮೇಲೆ ಮತ್ತೆ ಹತ್ತಾಯಿತು.
ಸಭೆಯಲ್ಲಿ ಮೈಕು ಕೆಟ್ಟಿತ್ತಂತೆ, ಕಮಿಷನರು ರಜೆಯಂತೆ,
ಅಲ್ಲೀಪುರದ ಕೆರೆ ತುಂಬಿದ್ದಾಗ ಮೋಟಾರು ಸುಟ್ಟಿತ್ತಂತೆ.
ಗೋಡೆಯ ಫೋಟೋದಲ್ಲಿ ಆಯಮ್ಮ
ಎಡದ ಕೈ ಗೌನಿನೊಳಗೆ ಇಟ್ಟೇ ನಿಂತಿದ್ದಾಳೆ.
ಈಗ ಮತ್ತೆ ಅದೇ ಯೂನಿಟ್ಟು.

ಈ ಸಲದವರ ತಮ್ಮ ಬೈಕಿನಿಂದ ಇಳಿಯದೆಯೇ ಹೇಳಿದ:
"ಆ ಜೇಬು ಕಿತ್ತಾಕು, ಉಬ್ಬು ಕಾಣ್ತೈತೆ."
ಕೈ ಹಾಕಿದೆ. ಏಳೆಂಟು ಚೀಟಿ,
ಬೆವರಿಗೆ ಒಂದಕ್ಕೊಂದು ಅಂಟಿದ್ದವು.
ವಾಲ್ವು ತಿರುವೋ ಹುಡುಗನ ಸಂಬಳ. ಒಂದು ಚರಂಡಿ.
ಯಾರದೋ ಖಾತೆ ಬದಲಾವಣೆ.
ಇನ್ನೊಂದರಲ್ಲಿ, ಕೆಳಗೆ ಉರ್ದು ಸಹಿ:
'ಅಂಗಡಿ ಮುಂದಿನ ದೀಪ ಉರಿಯಲ್ಲ,
ಸಂಜೆ ಸೂಜಿಕಣ್ಣು ಕಾಣಲ್ಲ.'
ನನ್ನದೇ. ಕೊಟ್ಟಿದ್ದು ಮರೆತಿದ್ದೆ.

ಕೀಳಲಿಲ್ಲ.
ಎಲ್ಲ ಒಳಗಿಟ್ಟು ಬಾಯಿ ಹೊಲಿದೆ,
ಇಸ್ತ್ರಿ ಒತ್ತಿ ಒತ್ತಿ ಚಪ್ಪಟೆ ಮಾಡಿದೆ.
ಗಾದಿಲಿಂಗ ಬಂದು ಒಯ್ದ.
ಹೋದ ವರ್ಷದ ಕೂಲಿ ಇನ್ನೂ ಬಂದಿಲ್ಲ ಅಂತ
ಅವನ ಕೈಲಿ ಹೇಳಿ ಕಳಿಸಿದೀನಿ.