ಅದಾ

ಹೋದ ಐತ್ವಾರ ಮಂಗಲಪೇಟಿ ಚರ್ಚಿನ್ಯಾಗ
ನನ್ನ ಮೊಮ್ಮಗಳಿಗಿ ದೀಕ್ಷಾಸ್ನಾನ ಆಯ್ತು.
"ಹೆಸರೇನ್ ಇಟ್ಟೀರಿ?" ಓಣಿಯ ಖಾಜಾಬಿ ಕೇಳಿದಳು.
"ಆದಾ" ಅಂದೆ.
"ಹೆಸರು ಅದಾ, ತಿಳೀತು. ಏನದಾ?"
"ಅದೇ. ಆದಾ."
ಆಕಿ ನನ್ನ ಕಿವಿ ಮಶೀನ್ ಕಡಿ ಒಮ್ಮೆ ನೋಡಿ
ಒಳಗ ಹೋಗಿ ನನ್ನ ಹೆಂಡತಿನ ಕೇಳಿದಳು.

ಮೂವತ್ತೊಂದು ವರ್ಷ ಬಸ್ಸಿನ್ಯಾಗ ಟಿಕೇಟು ಹರದವ ನಾ,
ಬೀದರದಿಂದ ಔರಾದ, ಔರಾದದಿಂದ ಬೀದರ,
ಸಂತಪುರದ ಸಂತಿ ದಿನ ಕೋಳಿಬುಟ್ಟಿಗೂ ಲಗೇಜು ಚೀಟಿ.
ಯಾರ ಹೆಸರೂ ಕೇಳಿದವನಲ್ಲ.
"ಎಲ್ಲಿಗಿ?" ಅಂತಿದ್ದೆ, ಅಷ್ಟ.

ಹೆಸರು ಹುಡುಕಿದಾಕಿ ಸೊಸಿ, ಸ್ನೇಹಲತಾ.
ಎರಡು ಸಲ ಆಕಿನ ಆ ಕತ್ತಲ ಖೋಲಿಗಿ ಕಳಿಸಿ
ಹೊರಗ ಬೆಂಚಿನ ಮ್ಯಾಲ ಕುಂತು ಬಂದೀವಿ.
ಎರಡು ಸಲನೂ ಡಾಕ್ಟರಬಾಯಿ ಪರದೆ ನೋಡಿ
ಭಾಳ ಹೊತ್ತು ಸುಮ್ಮನಿದ್ದಳಂತ.
ಮೂರನೇ ಸಲ ತಡಾ ಮಾಡಲಿಲ್ಲ:
"ಬಡಿತ ಅದಾ ನೋಡವ್ವ."
ಆ ಒಂದೇ ಶಬ್ದ ಹೊರಗ ತಂದಳು ಸೊಸಿ,
ಬೊಗಸ್ಯಾಗ ಕೋಳಿಮರಿ ಹಿಡಕೊಂಡು ಬಂದಂಗ.
ರಾತ್ರಿ ಆದಿಕಾಂಡ ತಗದು ನಾಲ್ಕನೇ ಅಧ್ಯಾಯದಾಗ
ಬೆರಳಿಟ್ಟು ತೋರಿಸಿದಳು:
ಆದಾ ಅಂತ ಒಬ್ಬಾಕಿ ಇದ್ದಳು ಮಾವ,
ಡೇರೆದಾಗ ಇರವರ, ದನ ಕಾಯವರ ಮೂಲತಾಯಿ.
"ಎರಡೇ ಅಕ್ಷರ! ಕರೀಬೇಕನ್ನೂದ್ರಾಗ ಮುಗದೇ ಹೋಗ್ತದ"
ಅಂದಳು ನನ್ನ ಎಸ್ತೇರಮ್ಮ.
ಮಗ ಇಮ್ಮು ಏನೂ ಅನ್ನಲಿಲ್ಲ. ಒಂಬತ್ತು ತಿಂಗಳು
ಅವ ಏನೂ ಅಂದಿರಲಿಲ್ಲ.

ಶನಿವಾರ ತೊಟ್ಟಿಲಾಯ್ತು.
ಸೋದರತ್ತಿ ಕಿವ್ಯಾಗ ಕುರ್ರ್ ಅಂದಳು,
ಬೆನ್ನಿಗಿ ಗುದ್ದು ತಿಂದಳು, ಒಂದು ಬಳಿ ಒಡೀತು.

ಐತ್ವಾರ, ಹಿತ್ತಾಳಿ ಬಟ್ಟಲದಾಗ ನೀರು.
ನನಗ್ಯಾಕೋ ಭಾಂವಿ ನೆನಪಾಯ್ತು.
ನಮ್ಮವ್ವ ನರಸವ್ವ
(ಚರ್ಚಿನ ರಜಿಸ್ಟರಿನ್ಯಾಗ ಸಲೋಮಿ,
ಹಾಂಗ ಕರದವರು ಯಾರೂ ಇಲ್ಲ)
ಕೆಂಪು ಕಲ್ಲಿನ ಭಾಂವಿಕಟ್ಟಿಗಿ ನಾಕು ಮಾರು ದೂರ
ಕೊಡ ಇಟ್ಟು ನಿಂದ್ರತಿದ್ದಳು.
"ಯಾರರ ಅದೀರೇನ್ರಿ, ಯವ್ವಾ?"
ಇದ್ದರ ಬರತಿದ್ರು, ಮನಸಿದ್ದರ.
ಎತ್ತರದಿಂದ ಸುರೀತಿದ್ರು,
ಅರ್ಧ ಕೊಡಕ್ಕ, ಅರ್ಧ ನೆಲಕ್ಕ.
ನಾ ಸಣ್ಣಾವ, ನೆಲಕ್ಕ ಬಿದ್ದ ನೀರಿನ್ಯಾಗ
ಪಚ್ ಪಚ್ ಅಂತ ಕುಣೀತಿದ್ದೆ.
ಅವ್ವ ನಗತಿದ್ದಳು ಅಂತ ನೆನಪು.
ನಕ್ಕಿರಲಿಕ್ಕಿಲ್ಲ.

ಪಾಸ್ಟರ್ ಬಟ್ಟಲದಾಗ ಕೈ ಅದ್ದಿದರು.
ಎಲ್ಲರೂ ಕೂಸಿನ ಮಾರಿ ನೋಡಿದ್ರು, ನಾ ಆ ಕೈ ನೋಡಿದೆ.
ಅದು ಎತ್ತರದಾಗ ನಿಲ್ಲಲಿಲ್ಲ.
ಇಳೀತು. ಹಣಿಗಿ ಹತ್ತಿತು. ಹತ್ತಿ ಅಲ್ಲೇ ಉಳೀತು,
ತಂದೆಯ, ಮಗನ, ಅಂತ ಹೇಳಿ ಮುಗಸೂತನಕ.
ಕೂಸು ಮಾಡು ಹಾರಂಗ ಒದರಿತು.
"ದನಿ ಅದಾ!" ಹಿಂದಿನ ಬೆಂಚಿನ್ಯಾಗ ಯಾರೋ ನಕ್ಕರು.
ನಾ ಅಳಲಿಲ್ಲ. ಚಾಳೀಸಿಗಿ ಹಬೆ ಹತ್ತಿತ್ತು, ಒರಸಿಕೊಂಡೆ.

ಮನ್ಯಾಗ ಊಟ. ಖಾಜಾಬಿ ತಮ್ಮನ ಕೈದು ಬಿರ್ಯಾನಿ,
ಬೀಗರು ತಂದ ರೊಟ್ಟಿ, ಪುಂಡಿಪಲ್ಯ,
ಡಬಲ್ ಕಾ ಮೀಠಾ ಕಡಿಮಿ ಬಿತ್ತು, ಜಗಳಾಯ್ತು, ಮುಗೀತು.
ಹಳಿ ಚಟ ನಂದು, ಜನ ಕಂಡರ ತಲಿ ಎಣಸೂದು.
ತೊಡಿ ಮ್ಯಾಲಿನ ಕೂಸಿಗಿ ಟಿಕೇಟಿಲ್ಲ, ಎಣಿಕಿಲ್ಲ,
ಅದು ಇಲಾಖೆ ಕಾಯ್ದಾ.
ಈ ಸಲ ಆಕಿಯಿಂದಲೇ ಸುರು ಮಾಡಿದೆ:
ಒಂದು.
ಆಮ್ಯಾಲ ಲೆಕ್ಕ ತಪ್ಪಿತು.

ರಾತ್ರಿ ಕರೆಂಟು ಹೋಯ್ತು.
ತೊಟ್ಟಿಲ ಹಗ್ಗ ಹಿಡಕೊಂಡು ಕುಂತಿದ್ದೆ,
ಮಶೀನ್ ತಗದಿಟ್ಟಿದ್ದೆ, ಉಸಿರು ಕೇಳೂದಿಲ್ಲ ನನಗ,
ಅದಕ್ಕ ಮೂಗಿನ ಹಂತ್ಯಾಕ ಬೆರಳು ಹಿಡದೆ.
ಬೆಚ್ಚಗ ಹತ್ತಿತು.
ಅಷ್ಟರಾಗ ಎಸ್ತೇರಮ್ಮ ಬಂದು
ಕಿವೀಗಿ ಬಾಯಿ ಹಚ್ಚಿ ಅಂದಳು:
"ಅದಾ?"
ಕರದಳೋ, ಕೇಳಿದಳೋ, ಕತ್ತಲದಾಗ ತಿಳೀಲಿಲ್ಲ.
ಹೂಂ ಅಂದೆ.